ಪರಾತದಾಗ ಬೆಲಿಂಜೋನಾ: ಬೀದರ್‌ನ್ಯಾಗ ಕುಂತು ಒಂದು ಸ್ವಿಸ್ ರಾಜಧಾನಿ ತಿಳ್ಕೊಳ್ಳೋದು ಹೆಂಗ

ನಮ್ಮ ಅಣ್ಣನ ಮಗ ಕೆಲಸದ ಸಲುವಾಗಿ ಸ್ವಿಟ್ಜರ್ಲೆಂಡ್‌ಗಿ ಹೋಗ್ಯಾನ, ಊರ ಹೆಸರು ಬೆಲಿಂಜೋನಾ, ಇಡೀ ದೇಶದ್ದಲ್ಲ, ಅಲ್ಲಿನ ಟಿಚೀನೋ ಅನ್ನೋ ಒಂದು ಸೀಮಿ ರಾಜಧಾನಿ. ಅವ ಹೋದ ದಿನದಿಂದ ನಮ್ಮ ಅವ್ವಂದು ಒಂದೇ ರಾಗ, ಅದು ಎಲ್ಲಿ ಬರ್ತದ, ಮಂಜಿನ ಗುಡ್ಡದ ತುದಿಗಿ ಹುಡುಗ ಹೆಂಗ ಇರ್ತಾನ, ಅಲ್ಲಿ ಮಂದಿ ಅದಾರಿಲ್ಲ. ನಾ ಮೊಬೈಲ್‌ನ್ಯಾಗ ಮ್ಯಾಪ್ ತೆಗೆದು ತೋರಿಸ್ತೀನಿ, ಆಕಿ ಒಂದು ಗಳಿಗಿ ನೋಡಿ "ಬರೇ ಹಸರು ಕಾಣ್ತದಲ್ಲೋ, ಊರೆಲ್ಲದ" ಅಂತಾಳ, ಝೂಮ್ ಮಾಡಿದ್ರ ತಲಿ ತಿರಗ್ತದ ಅಂತಾಳ. ಕಡಿಗಿ ಒಂದು ಐತ್ವಾರ ಅಡಗಿ ಮನ್ಯಾಗಿನ ದೊಡ್ಡ ಪರಾತ ತಂದು ಅದರಾಗ ಜ್ವಾಳದ ಹಿಟ್ಟು ಸುರುವಿ ಊರನ್ನೇ ಕಟ್ಟಿ ತೋರಿಸ್ದೆ, ಅವತ್ತು ಆಕಿಗಿ ತಿಳೀತು, ಖರೇ ಹೇಳ್ಬೇಕಂದ್ರ ನನಗೂ ಅವತ್ತೇ ತಿಳೀತು. ಅದನ್ನೇ ಇಲ್ಲಿ ಬರಿತೀನಿ, ನಿಮ್ಮ ಮನ್ಯಾಗ ಯಾರರೆ ಹೊರದೇಶಕ್ಕ ಹೋಗಿದ್ರ ಬೇರೆ ಊರಿಗೂ ಹಿಂಗೇ ಮಾಡ್ಬಹುದು, ಆದ್ರ ಈ ಊರಿಗಿ ಭಾಳ ಛೊಲೊ ಕುಂದ್ರತದ.

ಸಾಮಾನು ಏನ್ ಬೇಕು ಅಂದ್ರ, ಅಗಲ ಪರಾತ, ಎರಡು ಸೇರು ಹಿಟ್ಟು (ಹುಳ ಬಿದ್ದ ಹಳೇ ಹಿಟ್ಟು ಇದ್ರ ಅದೇ ಹಾಕ್ರಿ, ಹೊಸಾದು ಹಾಕಿ ವೈನಿ ಕಡಿಂದ ಬೈಸ್ಕೊಬ್ಯಾಡ್ರಿ), ನೀಲಿ ದಾರ ಮೂರು ತುಂಡು, ನಿಂಬಿಕಾಯಿ ಅಷ್ಟು ದಪ್ಪ ಕಲ್ಲು ಒಂದು, ಸಣ್ಣ ಕಲ್ಲು ಎರಡು, ಕಡ್ಡಿಪೆಟ್ಟಿಗಿ, ಒಂದು ಸಣ್ಣ ವಾಟಗಾ. ಒಂದು ಲೋಟ ನೀರು ದೂರ ಇಟ್ಕೊಳ್ರಿ, ಅದು ಕಡೀಕ ಬೇಕಾಗ್ತದ, ಈಗೇ ಮುಟ್ಟಬ್ಯಾಡ್ರಿ.

ಮದಲು ರಾಜರು, ಇಸವಿ, ಯುದ್ಧ ಎಲ್ಲಾ ಬಾಜೂಕ ಇಡ್ರಿ. ನಾವು ಸಾಲ್ಯಾಗ ಕಲ್ತಿದ್ದೇ ಉಲ್ಟಾ, ಯಾವ ರಾಜ ಯಾವಾಗ ಸತ್ತ ಅಂತ ಮದಲು ಬಾಯಿಪಾಠ, ನೆಲ ಹೆಂಗ ಅದ ಅಂತ ಯಾರೂ ಹೇಳಲಿಲ್ಲ. ಊರು ಅಲ್ಲೇ ಯಾಕ ಕುಂತದ ಅನ್ನೋದು ನೆಲ ನೋಡಿದ್ರೇ ತಿಳಿಯೋದು, ಆಮ್ಯಾಲ ಇಸವಿ ತಾವಾಗೇ ಬಂದು ಅಂಟ್ಕೊಂತಾವ.

ಪರಾತದ ಮ್ಯಾಲಿನ ಅಂಚಿಗಿ, ಅಂದ್ರ ಉತ್ತರಕ್ಕ, ಹಿಟ್ಟು ಎತ್ತರ ಒಟ್ಟ್ರಿ, ಅದು ಆಲ್ಪ್ಸ್ ಗುಡ್ಡ. ಎಡಕ್ಕ ಬಲಕ್ಕ ಎರಡೂ ಕಡಿ ಗುಡ್ಡ ಕೆಳಗ ತನಕ ಎಳ್ಕೊಂಡು ಬರ್ರಿ, ನಡಕ ಒಂದು ಉದ್ದ ತಗ್ಗು ಬಿಡ್ರಿ, ಅದೇ ಟಿಚೀನೋ ನದಿ ಕಣಿವಿ. ಕೆಳಗ ನೈಋತ್ಯ ಮೂಲ್ಯಾಗ ಜರಾ ಅಗಲ ಬಯಲು ಮಾಡಿ ಅದರ ತುದಿಗಿ ವಾಟಗಾ ಇಡ್ರಿ, ಬಯಲಿನ ಹೆಸರು ಮಗಾದೀನೋ, ವಾಟಗಾ ಅಂದ್ರ ಮಜ್ಜೋರೆ ಸರೋವರ. ನೀರು ಅಲ್ಲಿಂದ ಇಟಲಿಗಿ ಹೋಗಿ ಪೋ ನದಿ ಕೂಡ್ತದ, ನಮ್ಮ ಮಾಂಜ್ರಾ ಹೋಗಿ ಗೋದಾವರಿ ಕೂಡಿದಂಗ.

ಈಗ ಉತ್ತರದ ಗುಡ್ಡದಾಗ ಬೆರಳಿಂದ ಮೂರು ಕಡಿ ತಗ್ಗು ಮಾಡ್ರಿ, ಇವು ಘಾಟು. ಎಡಕ್ಕಿಂದು ಗೊಟ್ಟಾರ್ಡ್, 2106 ಮೀಟರ್ ಎತ್ತರ. ನಡಕಿಂದು ಲುಕ್ಮಾನಿಯರ್. ಬಲಕ್ಕಿಂದು ಸಾನ್ ಬೆರ್ನಾರ್ದೀನೋ, ಅದೂ 2066 ಮೀಟರ್. ಒಂದೊಂದು ಘಾಟಿಂದ ಒಂದೊಂದು ನೀಲಿ ದಾರ ಕೆಳಗ ಬಿಡ್ರಿ. ಗೊಟ್ಟಾರ್ಡ್ ಕಡಿಂದು ಟಿಚೀನೋ ನದಿ. ಲುಕ್ಮಾನಿಯರ್ ದಾರ ಬ್ರೆನ್ನೋ ಹೊಳಿ, ಅದು ಬಿಯಾಸ್ಕಾ ಅಂಬೋ ಊರ ಹತ್ರ ಟಿಚೀನೋಗಿ ಕೂಡ್ತದ. ಮೂರನೇದು ಮೊಯೇಸಾ ಹೊಳಿ, ಅರ್ಬೇದೋ ಅಂಬಲ್ಲಿ ಬಂದು ಕೂಡ್ತದ. ಮೂರೂ ದಾರ ಒಂದಾಗಿ ಜರಾ ಕೆಳಗ ಬಂದ್ವಿಲ್ಲ, ಅಲ್ಲಿ ಕಣಿವಿ ಸಣ್ಣದಾಗ್ತದ, ಆ ಸಣ್ಣ ಜಾಗದ ನಟ್ಟ ನಡಕ ನಿಂಬಿಕಾಯಿ ಕಲ್ಲು ಊರ್ರಿ.

ಅಷ್ಟೇ, ಬೆಲಿಂಜೋನಾ ಬಂತು.

ಅವ್ವ ಆ ಕಲ್ಲು ನೋಡಿ ಒಂದು ಮಾತಂದ್ಲು, "ಇದು ಗಂಟಲಾಗ ಮುಳ್ಳು ಕುಂತಂಗ ಕುಂತದಲ್ಲೋ". ನಾ ಎಷ್ಟೋ ಓದಿದ್ರೂ ಇಷ್ಟು ನೀಟಾಗಿ ಯಾರೂ ಹೇಳಿದ್ದಿಲ್ಲ. ಜರ್ಮನಿ ಕಡಿಂದ ಇಟಲಿಯಾಗಿನ ಮಿಲಾನ್‌ಗಿ ವ್ಯಾಪಾರಕ್ಕ ಹೋಗೋ ಹೇಸರಗತ್ತಿ, ದಂಡು, ಯಾತ್ರಿಕರು, ಈ ಮೂರು ಘಾಟಿನ್ಯಾಗ ಯಾವ್ದು ಇಳಿದ್ರೂ ಆ ಕಲ್ಲಿನ ಬಾಜೂಕ ಹಾದೇ ಹೋಗ್ಬೇಕು, ಬ್ಯಾರೆ ದಾರಿ ಇಲ್ಲ. ಕಲ್ಲಿನ ಮ್ಯಾಲ ಯಾರು ಕುಂತಾರೋ ಅವರಿಗಿ ಸುಂಕ, ಅವರದೇ ಹುಕುಂ. ಆ ಬಂಡಿ ಕೆಳಗಿನ ನೆಲದಿಂದ ಐವತ್ತು ಮೀಟರ್‌ದಷ್ಟೇ ಎತ್ತರ ಅದ, ಅದರ ಮ್ಯಾಲ ಮಂದಿ ಶಿಲಾಯುಗದಿಂದನೇ ಮನಿ ಮಾಡ್ಯಾರ, ರೋಮನ್ನರ ಕಾಲಕ್ಕೂ ಅಲ್ಲಿ ಕಾವಲು ಇತ್ತು.

ಇಲ್ಲಿ ಒಂದು ತಪ್ಪು ತಿಳುವಳಿಕಿ ತೆಗೀಲೇಬೇಕು. ಸ್ವಿಟ್ಜರ್ಲೆಂಡ್ ಅಂದಕೂಡ್ಲೆ ನಮಗ ಸಿನಿಮಾದಾಗಿನ ಬರಫ್ ನೆನಪಾಗ್ತದ. ಬೆಲಿಂಜೋನಾ ಸಮುದ್ರ ಮಟ್ಟದಿಂದ ಬರೇ 240 ಮೀಟರ್ ಹತ್ರಹತ್ರ ಅದ ನೋಡ್ರಿ, ನಮ್ಮ ಬೀದರ್ ಅದಕ್ಕಿಂತ ನಾನ್ನೂರು ಮೀಟರ್ ಮ್ಯಾಲ ಅದ. ಇದು ಹೇಳಿದಾಗ ಅವ್ವ ನಂಬಲೇ ಇಲ್ಲ. ಗುಡ್ಡದ ತುದಿಗಿ ಇರೋರು ನಾವು, ತಗ್ಗಿನಾಗ ಇರೋದು ಅವ. ಸುತ್ತ ಗುಡ್ಡದ ಮ್ಯಾಲ ಚಳಿಗಾಲದಾಗ ಹಿಮ ಇರ್ತದ ಖರೇ, ಆದ್ರ ಗುಡ್ಡದ ಆ ಕಡಿಗಿಂತ ಈ ಕಡಿ ಬೆಚ್ಚಗ, ಆ ಸರೋವರದ ದಂಡಿಗಿ ತಾಳೆ ಜಾತಿ ಗಿಡನೂ ಬೆಳಿತಾವ. ಮಾತು ಇಟಾಲಿಯನ್. ದೇಶದಾಗ 26 ಕ್ಯಾಂಟನ್ ಅವ, ಕ್ಯಾಂಟನ್ ಅಂದ್ರ ನಮ್ಮ ರಾಜ್ಯ ಇದ್ದಂಗ ಅಂತ ತಿಳ್ಕೊಳ್ರಿ, ಅದರಾಗ ಇಟಾಲಿಯನ್ ಒಂದೇ ಸರಕಾರಿ ಭಾಷೆ ಇರೋದು ಇದೊಂದೇ, ಟಿಚೀನೋ ಕ್ಯಾಂಟನ್, ಅದರ ರಾಜಧಾನಿ ಈ ಊರು. ದೇಶದಾಗ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಅಂತ ನಾಕು ಭಾಷೆ ಅಂದ್ರ ಹೊರಗಿನೋರಿಗಿ ಆಶ್ಚರ್ಯ, ಕನ್ನಡ ಮರಾಠಿ ಉರ್ದು ತೆಲುಗು ನಾಕೂ ಒಂದೇ ಸಂತ್ಯಾಗ ಕೇಳೋ ಬೀದರ್‌ದೋರಿಗಿ ಏನ್ ಆಶ್ಚರ್ಯ.

ಈಗ ಕಿಲ್ಲಾ ಇಡೋದು. ನಿಂಬಿಕಾಯಿ ಕಲ್ಲೇ ಕಾಸ್ತೆಲ್‌ಗ್ರಾಂದೆ, ದೊಡ್ಡ ಕಿಲ್ಲಾ. ಬಲಗಡಿ ಅಂದ್ರ ಪೂರ್ವದ ಗುಡ್ಡದ ಮೈಮ್ಯಾಲ ಒಂದು ಸಣ್ಣ ಕಲ್ಲು ಇಡ್ರಿ, ಅದು ಮೊಂತೆಬೆಲ್ಲೋ. ಅದಕ್ಕೂ ಮ್ಯಾಲ, ಊರಿಂದ ಸುಮಾರು 230 ಮೀಟರ್ ಎತ್ತರಕ್ಕ ಇನ್ನೊಂದು ಕಲ್ಲು, ಅದು ಸಾಸ್ಸೋ ಕೋರ್ಬಾರೋ. ಕಾಸ್ತೆಲ್‌ಗ್ರಾಂದೆದಿಂದ ಎಡಕ್ಕ ನದಿ ತನಕ ಕಡ್ಡಿಪೆಟ್ಟಿಗಿ ಕಡ್ಡಿ ಸಾಲಾಗಿ ಚುಚ್ಚ್ರಿ, ಇದು ಮುರಾತಾ ಅಂತ ಕರಿಯೋ ಗ್ವಾಡಿ, ಕಣಿವಿ ಅಡ್ಡ ಕಟ್ಟಿದ್ದು. ನದಿ ಮ್ಯಾಲ ಎರಡು ಕಡ್ಡಿ ಅಡ್ಡ ಇಟ್ರ ತೊರೆತ್ತಾ ಸೇತುವಿ. ಪರಾತ ನೋಡ್ರಿ ಈಗ, ಮ್ಯಾಲಿಂದ ಯಾವನರೆ ಬಂದ್ರ ಬಾಗಲಾ ಹಾಕಿದಂಗ ಕಾಣ್ತದಿಲ್ಲ?

ಇಲ್ಲಿ ನಿಮಗ ನೀವೇ ಕೇಳ್ಕೊಬೇಕಾದ ಪ್ರಶ್ನಿ ಒಂದದ, ಯಾವ ಕಿಲ್ಲಾ ನೋಡಿದ್ರೂ ಕೇಳ್ರಿ: ಇದು ಯಾರ ವಿರುದ್ಧ ಕಟ್ಟಿದ್ದು? ನಾ ಮದಲು ತಿಳ್ಕೊಂಡಿದ್ದು, ಸ್ವಿಸ್ ಮಂದಿ ಇಟಲಿಯೋರು ಬರಬಾರ್ದು ಅಂತ ಕಟ್ಟ್ಯಾರ ಅಂತ. ಪೂರಾ ಉಲ್ಟಾ. ಕಟ್ಟಿಸಿದೋರು ಕೆಳಗಿನ ಮಿಲಾನ್ ದೊರೆಗಳು, ಮದಲು ವಿಸ್ಕೊಂತಿ ಮನೆತನ, ಆಮ್ಯಾಲ ಸ್ಫೋರ್ಜಾ ಮನೆತನ. ಬರಬಾರ್ದು ಅಂದಿದ್ದು ಮ್ಯಾಲಿನ ಸ್ವಿಸ್ ಮಂದಿ. ಗ್ವಾಡಿ ಮುಖ ಉತ್ತರಕ್ಕ ಅದ.

ಇಸವಿ ನೆನಪಿಡಾಕ ಒಂದು ಉಪಾಯ ಹೇಳ್ತೀನಿ, ನಮ್ಮ ಕಿಲ್ಲಾದ ಇಸವಿ ಬಾಜೂಕ ಇಟ್ಟು ನೋಡ್ರಿ. 1422ರಾಗ ಅಹ್ಮದ್ ಶಾ ಬಹಮನಿ ಗಾದಿಗಿ ಬಂದ, ರಾಜಧಾನಿ ಕಲಬುರಗಿದಿಂದ ಬೀದರ್‌ಕ ತಂದೋನು ಅವನೇ. ಅದೇ 1422ರಾಗ ಅರ್ಬೇದೋದಾಗ, ಹೌದು ಮೂರನೇ ದಾರ ಕೂಡೋ ಜಾಗದಾಗೇ, ಸ್ವಿಸ್ ದಂಡಿಗೂ ಮಿಲಾನ್ ದಂಡಿಗೂ ಯುದ್ಧ ಆಯ್ತು. ಅದಕ್ಕ ಮೂರು ವರ್ಷ ಮುಂಚೆ, 1419ರಾಗ, ಊರಿ ಮತ್ತ ಓಬ್‌ವಾಲ್ಡೆನ್ ಅನ್ನೋ ಸ್ವಿಸ್ ಸೀಮಿಯೋರು ರೊಕ್ಕ ಕೊಟ್ಟು ಬೆಲಿಂಜೋನಾ ಖರೀದಿ ಮಾಡಿದ್ರು, ಹೊಲ ಖರೀದಿ ಮಾಡಿದಂಗ ನೋಡ್ರಿ, ಅದನ್ನ ಮಿಲಾನ್‌ದೋರು ಕಸ್ಕೊಂಡ್ರು, ಯುದ್ಧದಾಗೂ ಮಿಲಾನೇ ಗೆದ್ದಿತು. ಇಲ್ಲಿ 1472ರಾಗ ಮಹಮೂದ್ ಗವಾನನ ಮದರಸಾ ಎದ್ದಿತು, 1481ರಾಗ ಸುಲ್ತಾನ ಅವನ ತಲಿ ತೆಗಿಸಿದ. ಇವೆರಡರ ನಡಕಿಂದು 1478ರ ಡಿಸೆಂಬರ್, ಅಲ್ಲಿ ಕಣಿವ್ಯಾಗ ಮ್ಯಾಲ ಜೋರ್ನಿಕೋ ಅನ್ನೋ ಊರ ಹತ್ರ ಸ್ವಿಸ್ ಮಂದಿ, ಕೈಬೆರಳೆಣಿಕಿ ಅಂತಾರಲ್ಲ ಹಂಗ, ದೊಡ್ಡ ಮಿಲಾನ್ ದಂಡು ಹೊಡೆದು ಓಡಿಸಿದ್ರು. ಮಿಲಾನ್ ದೊರೆಗಿ ನಿದ್ದಿ ಹತ್ತಲಿಲ್ಲ, 1479ರಾಗ ಅಷ್ಟು ಎತ್ತರಕ್ಕ ಸಾಸ್ಸೋ ಕೋರ್ಬಾರೋ ಕಟ್ಟಿಸಿದ, ಆರೇ ತಿಂಗಳಿನಾಗ. ಅಂಜಿಕಿ ಎಷ್ಟಿತ್ತು ಅಂಬೋದು ಆ ಆರು ತಿಂಗಳೇ ಹೇಳ್ತಾವ.

ಅಷ್ಟು ಕಟ್ಟಿ ಏನಾಯ್ತು? ಫ್ರಾನ್ಸ್ ರಾಜ ಬಂದು ಮಿಲಾನ್ ನುಂಗಿದ, 1500ರಾಗ ಬೆಲಿಂಜೋನಾ ಮಂದಿ ತಾವಾಗೇ ಹೋಗಿ ಸ್ವಿಸ್ ಕೈಗಿ ಊರು ಒಪ್ಪಿಸಿದ್ರು, 1503ರಾಗ ಫ್ರಾನ್ಸೂ ಒಪ್ಪಿತು. ಯಾರು ಒಳಗ ಬರಬಾರ್ದು ಅಂತ ಬಾಗಲಾ ಕಟ್ಟಿದ್ರೋ ಅವರಿಗೇ ಕೀಲಿ ಕೊಟ್ಟಂಗಾಯ್ತು. ಊರಿ, ಶ್ವೀಟ್ಸ್, ನಿಡ್‌ವಾಲ್ಡೆನ್ ಅಂತ ಮೂರು ಕ್ಯಾಂಟನ್‌ದೋರು ಕೂಡಿ ಆಳಿದ್ರು, ಪಾಳಿ ಪ್ರಕಾರ ಒಬ್ಬೊಬ್ಬ ಅಮಲ್ದಾರ್ ಬರೋನು, ಮೂರು ಕಿಲ್ಲಾಕ್ಕೂ ತಮ್ಮ ಹೆಸರೇ ಇಟ್ರು, ದೊಡ್ಡದು ಊರಿ, ನಡಕಿಂದು ಶ್ವೀಟ್ಸ್, ಮ್ಯಾಲಿಂದು ಉಂಟರ್‌ವಾಲ್ಡೆನ್ (ನಿಡ್‌ವಾಲ್ಡೆನ್ ಇದ್ದ ಹಳೇ ಸೀಮಿ ಹೆಸರು). ಮುನ್ನೂರು ವರ್ಷ ಹಿಂಗೇ ನಡೀತು. ಅಲ್ಲಿ ತನಕ ಬೆಲಿಂಜೋನಾ ಯಾರ ರಾಜಧಾನಿನೂ ಅಲ್ಲ, ಯಾರದೋ ಬಾಗಲಾ, ಅಷ್ಟೇ.

ನಡಕಿನ ಕಥಿ ಸಣ್ಣದು. 1798ರಾಗ ಹಳೇ ಸ್ವಿಸ್ ವ್ಯವಸ್ಥಾ ಮುರೀತು, 1803ರಾಗ ನೆಪೋಲಿಯನ್ ಕೂಡ್ರಿಸಿ ಟಿಚೀನೋ ಅಂತ ಹೊಸ ಕ್ಯಾಂಟನ್ ಮಾಡಿದ. ಆದ್ರ ರಾಜಧಾನಿ ಯಾವ್ದು ಅಂತ ಜಗಳ ಮುಗೀಲಿಲ್ಲ, ಲುಗಾನೋದೋರು ನಮ್ಮ ಊರು ದೊಡ್ಡದು ಅಂತಾರ, ಲೊಕಾರ್ನೋದೋರು ನಾವೇನ್ ಕಮ್ಮಿ ಅಂತಾರ. ಕಡಿಗಿ ಪಾಳಿ ಹಚ್ಚಿದ್ರು, ಆರು ವರ್ಷಕ್ಕೊಮ್ಮೆ ರಾಜಧಾನಿ ಬದಲಿ, ಲುಗಾನೋ, ಲೊಕಾರ್ನೋ, ಬೆಲಿಂಜೋನಾ ಅಂತ ಸುತ್ತು. ಫೈಲು ಖುರ್ಚಿ ಎಲ್ಲಾ ಕಟ್ಕೊಂಡು ಆರು ವರ್ಷಕ್ಕೊಮ್ಮೆ ಮೊಂತೆ ಚೆನೆರಿ ಗುಡ್ಡ ಹತ್ತಿ ಇಳೀಬೇಕಂದ್ರ ವಿಚಾರ ಮಾಡ್ರಿ, ನಮ್ಮ ಕಡಿ ಒಂದು ಆಫೀಸು ಮಿನಿ ವಿಧಾನಸೌಧಕ್ಕ ಶಿಫ್ಟ್ ಆದ್ರೇ ಅರ್ಧ ಕಾಗದ ಸಿಗಂಗಿಲ್ಲ. 1878ರಾಗ ಸಾಕಾತು ಅಂತ ಬೆಲಿಂಜೋನಾನೇ ಖಾಯಂ ಮಾಡಿದ್ರು. ಲುಗಾನೋ ಇವತ್ತಿಗೂ ದೊಡ್ಡದು, ರೊಕ್ಕನೂ ಅಲ್ಲೇ. ಬೀದರ್‌ದಂಗ ಒಬ್ಬ ರಾಜ ಮನಸ್ಸು ಮಾಡಿ ಆರಿಸ್ಕೊಂಡ ರಾಜಧಾನಿ ಇದಲ್ಲ, ಹತ್ತು ಮಂದಿ ಬ್ಯಾಸತ್ತು ಒಪ್ಕೊಂಡಿದ್ದು, ನನಗ ಇದೇ ಭಾಳ ಸೇರ್ತು.

ರೈಲು ಬಂದಿದ್ದು ಬ್ಯಾರೆ ತರಹದ ಬಾಗಲಾ. 1882ರಾಗ ಗೊಟ್ಟಾರ್ಡ್ ಗುಡ್ಡದಾಗ 15 ಕಿಲೋಮೀಟರ್ ಸುರಂಗ ಕೊರೆದು ರೈಲು ಬಿಟ್ರು, ಊರಾಗ ರೈಲು ರಿಪೇರಿ ವರ್ಕ್‌ಶಾಪ್ ಆಯ್ತು, ಅದನ್ನ ಕಡಿತ ಮಾಡ್ತೀವಿ ಅಂದಾಗ 2008ರಾಗ ಕೆಲಸಗಾರರು ಒಂದು ತಿಂಗಳ ಮ್ಯಾಲ ಸ್ಟ್ರೈಕ್ ಕುಂತ್ರು, ಇಡೀ ಊರು ಅವರ ಹಿಂದ ನಿಂತಿತ್ತು. 2016ರಾಗ 57 ಕಿಲೋಮೀಟರ್‌ದು ಹೊಸ ಸುರಂಗ ಚಾಲೂ ಆಯ್ತು, ಬೀದರ್‌ದಿಂದ ಹುಮನಾಬಾದ್ ತನಕ ಹೆಚ್ಚುಕಮ್ಮಿ ನೆಲದ ಒಳಗೇ ಹೋದಂಗ. 2020ರಾಗ ಚೆನೆರಿ ಕೆಳಗೂ ಒಂದು. 2017ರಾಗ, ಬೀದರ್ ಕಲಬುರಗಿ ರೈಲು ಲೈನು ಚಾಲೂ ಆದ ವರ್ಷನೇ, ಬೆಲಿಂಜೋನಾ ಸುತ್ತಿನ ಹನ್ನೆರಡು ಊರು ಕೂಡ್ಸಿಕೊಂಡು ದೊಡ್ಡದಾಯ್ತು, ಆದ್ರೂ ಮಂದಿ ನಲವತ್ತೈದು ಸಾವಿರದ ಆಸುಪಾಸು. ನಮ್ಮ ಲೆಕ್ಕಕ್ಕ ಅದು ಒಂದು ತಾಲೂಕು ಊರು.

ಪರಾತ ಆದ ಮ್ಯಾಲ, ಅಥವಾ ಸಂಜಿ ಮುಂದ, ಮನಿ ಮಂದಿನ್ನ ಆಟೋದಾಗ ಕೂಡ್ರಿಸ್ಕೊಂಡು ನಮ್ಮ ಕಿಲ್ಲಾಕ್ಕ ಹೋಗ್ರಿ, ಇದು ಬಿಡಬ್ಯಾಡ್ರಿ. ಊರ ಕಡಿ ಮೂರು ಸುತ್ತಿನ ಖಂದಕ ಅದಲ್ಲ, ಅಲ್ಲಿ ನಿಂದ್ರಿ. ಕೆಂಪು ಜಂಬಿಟ್ಟಿಗಿ ಬಂಡಿನೇ ಕೊರೆದು ಮಾಡಿದ್ದು, ನಡಕಿನ ಗ್ವಾಡಿನೂ ಕಟ್ಟಿದ್ದಲ್ಲ, ಕಡಿಲಾರ್ದೆ ಬಿಟ್ಟ ಬಂಡಿ. ಆಮ್ಯಾಲ ಒಳಗ ನಡೆದು ಉತ್ತರದ ಅಂಚಿಗಿ ಹೋಗಿ ಕೆಳಗ ನೋಡ್ರಿ, ನೆಲ ಸರಕ್ಕನೆ ಇಳಿದು ದೂರ ತನಕ ಬಯಲು. ಆ ಕಡಿ ಇಳಿಜಾರೇ ಕಾವಲು, ಈ ಕಡಿ ನೆಲ ಸಪಾಟ ಅದ, ಅದಕ್ಕೇ ಮೂರು ಖಂದಕ. ಅವ್ವ ಅರವತ್ತು ವರ್ಷದಿಂದ ಈ ಊರಾಗ ಅದಾಳ, ಉರುಸು ಜಾತ್ರಿ ಎಲ್ಲಾ ನೋಡ್ಯಾಳ, ಖಂದಕ ಈ ಕಡಿನೇ ಯಾಕದ ಅಂತ ಅವತ್ತೇ ಮದಲು ಕೇಳಿದ್ದು. ಬೀದರ್ ಎತ್ತರಕ್ಕ ಕುಂತು ದೂರ ನೋಡ್ತದ, ಬೆಲಿಂಜೋನಾ ತಗ್ಗಿನಾಗ ಕುಂತು ದಾರಿ ಹಿಡಿತದ. ಎರಡು ನೆಲ, ಎರಡು ಬುದ್ಧಿ.

ಮೊಬೈಲ್ ಬ್ಯಾಡೇ ಬ್ಯಾಡ ಅಂತಲ್ಲ. ಪರಾತ ಆದ ಮ್ಯಾಲ ತೆಗೀರಿ, ಸ್ಯಾಟಲೈಟ್ ಬಂದ್ ಮಾಡಿ ಟೆರೇನ್ ಹಚ್ರಿ, ಇಲ್ಲಂದ್ರ ಗಿಡದ ಹಸರೇ ಕಾಣ್ತದ. ಸ್ವಿಸ್ ಸರಕಾರದ ಮ್ಯಾಪ್ ಸಂಸ್ಥಾ ಸ್ವಿಸ್‌ಟೋಪೊ ಅಂತ ಅದ, ಅವರ ಹಳೇ ನಕಾಶಿ ಎಲ್ಲಾ ಪುಕ್ಕಟ ನೋಡ್ಬಹುದು, ಇಸವಿ ಹಿಂದ ಮುಂದ ಸರಿಸಿದಂಗ ನಕಾಶಿ ಬದಲಾಗ್ತದ. ಅದರಾಗ ಮಗಾದೀನೋ ಬಯಲು ನೋಡ್ರಿ, ಹಳೇದರಾಗ ನದಿ ಹಾವಿನಂಗ ಹೊಯ್ದಾಡ್ತದ, ಎಲ್ಲಾ ಜೌಗು, ಹೊಸಾದರಾಗ ಪಟ್ಟಿ ಇಟ್ಟು ಗೆರಿ ಎಳೆದಂಗ ನೆಟ್ಟಗ, ಎರಡೂ ಕಡಿ ಹೊಲ. ನಾ ಒಂದು ರಾತ್ರಿ ಇದ್ರಾಗೇ ಕಳದೀನಿ.

ನಿಮ್ಮೋರು ಯಾರರೆ ಖುದ್ದ ಹೋಗೋರಿದ್ರ ಎರಡು ಮಾತು ಹೇಳಿ ಕಳಸ್ರಿ. ಜ್ಯೂರಿಕ್‌ದಿಂದ ಹೊಸ ಸುರಂಗದಾಗ ಹೋದ್ರ ಎರಡು ತಾಸಿನ ಒಳಗ ಊರು ಬರ್ತದ, ಆದ್ರ ಗುಡ್ಡನೇ ಕಾಣಂಗಿಲ್ಲ, ಕತ್ತಲ. ಒಂದು ಸಲ ಹಳೇ ಗುಡ್ಡದ ಲೈನ್‌ನ್ಯಾಗ ಹೋಗ್ಬೇಕು, ಅಲ್ಲಿ ವಾಸ್ಸೆನ್ ಅಂತ ಒಂದು ಹಳ್ಳಿ ಚರ್ಚು ಮೂರು ಸಲ ಮೂರು ಎತ್ತರದಾಗ ಕಾಣ್ತದ, ಯಾಕಂದ್ರ ರೈಲು ಗುಡ್ಡದ ಒಳಗ ಸುತ್ತಿ ಸುತ್ತಿ ಹತ್ತತದ. ಇನ್ನ ಊರಾಗ ಮದಲು ಸಾಸ್ಸೋ ಕೋರ್ಬಾರೋಕ್ಕ ಹೋಗಿ ಮ್ಯಾಲಿಂದ ಪೂರಾ ಕಣಿವಿ ನೋಡಿ, ಆಮ್ಯಾಲ ಮೊಂತೆಬೆಲ್ಲೋ, ಕಡಿಗಿ ಕಾಸ್ತೆಲ್‌ಗ್ರಾಂದೆ. ದೊಡ್ಡ ಕಿಲ್ಲಾಕ್ಕ ಚೌಕದಿಂದ ಬಂಡಿ ಒಳಗೇ ಲಿಫ್ಟ್ ಹಾಕ್ಯಾರ, ಔರೇಲಿಯೋ ಗಾಲ್ಫೆತ್ತಿ ಅನ್ನೋ ಆರ್ಕಿಟೆಕ್ಟ್ ಕಿಲ್ಲಾ ದುರಸ್ತಿ ಮಾಡಿದಾಗ ಮಾಡಿದ್ದು. ಶನಿವಾರ ಹೋದ್ರ ಹಳೇ ಊರಾಗ ಸಂತಿ ಇರ್ತದ. ಮೂರೂ ಕಿಲ್ಲಾ 2000ದಾಗ ಯುನೆಸ್ಕೊ ಪಟ್ಟ್ಯಾಗ ಹೋದ್ವು, ನಮ್ಮ ಕಿಲ್ಲಾ 2014ದಿಂದ ತಾತ್ಕಾಲಿಕ ಪಟ್ಟ್ಯಾಗೇ ಕುಂತದ, ಅದರ ಬಗ್ಗೆ ಮಾತಾಡಿದ್ರ ಬಿಪಿ ಏರ್ತದ, ಬಿಡ್ರಿ.

ಈಗ ಆ ಲೋಟ ನೀರು. ಇದನ್ನ ಕಡೀಕೇ ಮಾಡ್ಬೇಕು, ಯಾಕಂದ್ರ ಇದಾದ ಮ್ಯಾಲ ಪರಾತ ಉಳಿಯಂಗಿಲ್ಲ. ಎರಡನೇ ದಾರ, ಬ್ರೆನ್ನೋ ಹೊಳಿದು, ಅದು ಬಿಯಾಸ್ಕಾಕ್ಕ ಕೂಡೋಕಿಂತ ಜರಾ ಮ್ಯಾಲ ಗುಡ್ಡದ ಹಿಟ್ಟು ಬೆರಳಿಂದ ಕೆಡವಿ ಹೊಳಿಗಿ ಅಡ್ಡ ಹಾಕ್ರಿ. 1513ರಾಗ ಖರೇನೇ ಹಂಗ ಗುಡ್ಡ ಕುಸೀತು, ಹೊಳಿ ಕಟ್ಟಿ ಹಿಂದ ದೊಡ್ಡ ಕೆರಿ ಆಯ್ತು. ಈಗ ಆ ಕಟ್ಟಿ ಹಿಂದ ನೀರು ಸಾವಕಾಶ ಹಾಕ್ರಿ. ಸುಮ್ಕ ನೋಡ್ಕೊತ ಕುಂದ್ರಿ. ಹಿಟ್ಟು ಮದಲು ನೀರು ಕುಡಿತದ, ಬಣ್ಣ ಕಪ್ಪಾಗ್ತದ, ಒಂದು ಕಡಿ ಸಣ್ಣ ಬಿರುಕು ಬಿಡ್ತದ, ಆಮ್ಯಾಲ ಒಮ್ಮೆಗೇ ಕಟ್ಟಿ ಒಡಿತದ. ಅಲ್ಲಿ ಒಡೆದಿದ್ದು 1515ರ ಮೇ ತಿಂಗಳದಾಗ. ನೀರು, ಕಲ್ಲು, ಗಿಡ ಎಲ್ಲಾ ಕಣಿವಿ ತುಂಬ ಇಳಿದು ಬಂದು ಮುರಾತಾ ಗ್ವಾಡಿ ಮುರೀತು, ತೊರೆತ್ತಾ ಸೇತುವಿ ತೇಲಿಸ್ಕೊಂಡು ಹೋಯ್ತು. ಯಾವ ದಂಡಿಗೂ ಬೀಳದ ಗ್ವಾಡಿ ನೀರಿಗಿ ಬಿತ್ತು. ನಮ್ಮ ಪರಾತದಾಗೂ ಕಡ್ಡಿ ಎರಡು ತೇಲಿ ವಾಟಗಾದ ತನಕ ಹೋದ್ವು, ಅವ್ವ "ಅಯ್ಯೋ ಸೇತುವಿ" ಅಂತ ಕೈ ಚಾಚಿದ್ಲು. ನಿಂಬಿಕಾಯಿ ಕಲ್ಲು ಮಾತ್ರ ಜಾಗ ಬಿಟ್ಟು ಅಲುಗಲಿಲ್ಲ. ಹಸಿ ಹಿಟ್ಟು ಎಮ್ಮಿಗಿ ಹಾಕಿಬಿಡ್ರಿ, ದಾರ ಕಡ್ಡಿ ಆರಿಸಿ ತೆಗೆದ ಮ್ಯಾಲ.

ಆಮ್ಯಾಲ ವಿಡಿಯೋ ಕಾಲ್ ಹಚ್ರಿ. ಬ್ಯಾಸಿಗ್ಯಾಗ ಅಲ್ಲಿ ನಮಗಿಂತ ಮೂರೂವರಿ ತಾಸು ಹಿಂದ, ಚಳಿಗಾಲದಾಗ ನಾಕೂವರಿ, ಹಂಗಾಗಿ ನಮ್ಮ ಮುಂಜಾನಿ ಎಂಟಕ್ಕ ಹಚ್ಚಿ ಮಲಗಿದ ಹುಡುಗನ್ನ ಎಬ್ಬಿಸಬ್ಯಾಡ್ರಿ. ನಾವು ರಾತ್ರಿ ಊಟ ಆದ ಮ್ಯಾಲ ಹಚ್ಚಿದ್ವಿ. ಅವ್ವ ಇಷ್ಟು ದಿನ "ಉಂಡ್ಯಾ, ಚಳಿ ಅದ ಏನು" ಅಂತ ಕೇಳಾಕಿ, ಅವತ್ತು ಫೋನ್ ಕೈಗಿ ತಗೊಂಡು ಮದಲಿಗೇ ಕೇಳಿದ್ಲು, "ಆ ಮುರಿದ ಸೇತುವಿ ಮತ್ತ ಕಟ್ಟ್ಯಾರೇನೋ?"

"ಯಾವ ಸೇತುವಿ ಆಯಿ?" ಅಂದ ಅವ.

1815ರಾಗ, ಮುನ್ನೂರು ವರ್ಷ ಆದ ಮ್ಯಾಲ, ಮತ್ತ ಕಟ್ಟಿದ್ರು ಅಂತ ನಾ ಬಾಜೂಕಿಂದ ಹೇಳ್ದೆ. ಆಕಿ ನನ್ನ ಕಡಿ ನೋಡಲೇ ಇಲ್ಲ, ಮೊಮ್ಮಗನಿಗೇ ಅಂದ್ಲು, "ಆರು ತಿಂಗಳಿಂದ ಅದೇ ಊರಾಗ ಅದಿ, ನೋಡಿಲ್ಲ? ಆ ದೊಡ್ಡ ಕಲ್ಲಿನ ಮ್ಯಾಲಿಂದ ಗ್ವಾಡಿ ಹಿಡ್ಕೊಂಡು ಹೊಳಿ ಕಡಿ ಹೋಗು, ಎಲ್ಲಿ ತುಂಡಾಗ್ತದೋ ಅಲ್ಲಿ ನಿಂತು ಫೋನ್ ಮಾಡು".